ಭಾವನ ಸಿಮೆಂಟ್ ಕವಚ

ನನ್ನ ಗಂಡನ ಅಣ್ಣನನ್ನು ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ನನ್ನಿಂದಾಗದು.

ಸಿಮೆಂಟ್ ಕಾರ್ಖಾನೆಯ ಊರಾದ ನಮ್ಮ ವಾಡಿಯಲ್ಲಿ ಕಾರಿನ ಅಡಿ ತೊಳೆಸುವವರೆಲ್ಲ ಅವನ ಕಣ್ಣಿಗೆ ಮೂರ್ಖರು. ಇಲ್ಲಿನ ರಸ್ತೆಯ ಸಿಮೆಂಟ್ ಧೂಳು ಗಾಡಿಯ ಹೊಟ್ಟೆಗೆ ಮೆತ್ತಿಕೊಂಡು, ಮಳೆ ನೀರು ತಾಗಿದರೆ ಅಲ್ಲೇ ಗಟ್ಟಿಯಾಗುತ್ತದೆ. ತನ್ನ ಹಳೆಯ ಕಾರನ್ನು ನಮಗೆ ಕೊಡುವಾಗ ಅದನ್ನೇ ದೊಡ್ಡ ಗುಣವೆಂಬಂತೆ ತೋರಿಸಿದ್ದ.

"ಪುಕ್ಕಟೆ ಕೋಟಿಂಗ್ ಅದ ಇದು. ಜಂಗ್ ಹತ್ತಂಗಿಲ್ಲ. ಕೆದರಲಿಕ್ಕೆ ಹೋಗಬ್ಯಾಡ."

ತುಕ್ಕು ಹಿಡಿಯದೆಂಬ ಆ ಮಾತನ್ನು ನಾನು ನಂಬಿದೆ. ಚಿತ್ತಾಪುರದ ಶಾಲೆಯಲ್ಲಿ ಪಾಠ ಹೇಳುವವಳು ನಾನು. ಅಲ್ಲೇ ಏಳನೇ ತರಗತಿ ಓದುವ ಮಗಳು ದಿನವೂ ಹಿಂದಿನ ಸೀಟಿನಲ್ಲಿ ಕೂತು ಬರುತ್ತಾಳೆ. ಮಳೆ ಬಂದಾಗಲೆಲ್ಲ ಅವಳ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿತ್ತು. ನಾನು ಮ್ಯಾಟ್ ಬದಲಿಸಿದೆ. ಮರುವರ್ಷವೂ ಅದನ್ನೇ ಮಾಡಿದೆ. ಆ ಬುದ್ಧಿಗೇಡಿತನಕ್ಕೆ ಇನ್ನೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಈ ವರ್ಷ ಒಳಗಿನ ಮುಗ್ಗಲು ವಾಸನೆ ತಾಳಲಾರದೆ ಕಾರನ್ನು ರಾವೂರ ರಸ್ತೆಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿದ. ಖಡಕ್ ರೊಟ್ಟಿ ಮುರಿದಂತೆ ಒಂದು ಚಕ್ಕೆ ಬಿತ್ತು. ಅದರ ಒಳಮಗ್ಗುಲು ತುಕ್ಕಿನಿಂದ ಕೆಂಪಾಗಿತ್ತು.

"ನೋಡ್ರಿ ಟೀಚರ್, ನೀರು ಇಳಿಯೋ ತೂತೆಲ್ಲಾ ಇದು ಮುಚ್ಚೇದ. ಒಳಗ ಹಸಿ ಹಿಡಕೊಂಡು ಕುಂತದ," ಎಂದು ಸ್ಕ್ರೂಡ್ರೈವರ್ ಒತ್ತಿದ. ಅದು ಹಿಂದಿನ ಸೀಟಿನವರು ಕಾಲಿಡುವ ಜಾಗದ ತಗಡಿನೊಳಗೆ ಸಲೀಸಾಗಿ ಹೋಯಿತು.

ಸುದ್ದಿ ತಿಳಿದು ಭಾವ ಅಲ್ಲಿಗೇ ಬಂದ. "ಛಲೋ ಇದ್ದದ್ದು ಕೆದರಿ ಹಾಳ ಮಾಡಿದಿ," ಎಂದ.

"ಭಾವ, ಈ ತೂತಿನಾಗ ಕೈ ಹಾಕಿ ನೋಡ್ರಿ."

ಅವನು ಕೈ ಹಾಕಲಿಲ್ಲ. "ಗಾಡಿ ಅಂದಮ್ಯಾಲ ಜಂಗ್ ಹತ್ತತದ," ಎಂದು ಹೊರಟುಹೋದ. ಜಂಗ್ ಹತ್ತುವುದಿಲ್ಲ ಎಂದಿದ್ದೂ ಅದೇ ಬಾಯಿ.

ಮುಂದಿನ ಮೂರು ಸಂಜೆ ಶಾಲೆ ಬಿಟ್ಟು ನೇರ ಗ್ಯಾರೇಜಿಗೆ ಹೋಗಿ ಎದುರಿಗೇ ನಿಂತು ಕೆಲಸ ಮಾಡಿಸಿದೆ. ಚಕ್ಕೆಯೆಲ್ಲ ಉದುರಿಸಿ, ಬಿಳಿ ಲೋಹ ಕಾಣುವವರೆಗೆ ತಂತಿ ಬ್ರಷ್ ಹೊಡೆಸಿದೆ. ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿದರು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಕಪ್ಪು ಕೋಟಿಂಗ್ ಬಳಿದರು. ನೀರಿಳಿಯುವ ತೂತುಗಳು ತೆರೆದಿವೆಯೇ ಎಂದು ಒಂದೊಂದಕ್ಕೂ ತಂತಿ ತೂರಿಸಿ ನೋಡಿದೆ. ಮೆಕ್ಯಾನಿಕ್‌ಗೆ ನನ್ನ ಮೇಲೆ ಬೇಸರ ಬಂದಿರಬೇಕು, ಬರಲಿ.

ಕಾರು ಮನೆಗೆ ತರುವಾಗ ಮಗಳು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದಳು. ಕಾಲು ಕೆಳಗಿಡು ಎಂದು ಗದರಿದೆ.

"ಈಗ ಗಟ್ಟಿ ಅದ ಏನವ್ವಾ? ಮೊದ್ಲು ಒತ್ತಿದ್ರ ಕೆಳಗ ಹೋಗ್ತಿತ್ತು. ಅದಕ್ಕ ಮ್ಯಾಲೇ ಇಟ್ಕೊಂಡು ಕುಂದ್ರತಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ದೊಡ್ಡಪ್ಪಗ ಹೇಳಿದ್ದೆ. ಕೈಲೆ ಒತ್ತಿ ನೋಡಿದ. ಅವ್ವಗ ಹೇಳಬ್ಯಾಡ, ಸುಮ್ನ ಗಲಾಟಿ ಮಾಡ್ತಾಳ ಅಂದ."

ಮನೆಯ ಮುಂದೆ ಭಾವ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಡಿಕ್ಕಿಯಲ್ಲಿ ಎತ್ತಿಟ್ಟಿದ್ದ ಚಕ್ಕೆಯನ್ನು ತೆಗೆದೆ. ಕೆಂಪು ಮಗ್ಗುಲು ಮೇಲಾಗಿ ನೆಲದ ಮೇಲಿದ್ದ ಅವನ ಚಹಾದ ಬಸಿಯ ಪಕ್ಕ ಇಟ್ಟೆ. ಮಗಳ ಕೈ ಹಿಡಿದು ಒಳಗೆ ಹೋದೆ. ಗಲಾಟೆ ಮಾಡಲಿಲ್ಲ. ಅಂದಿನಿಂದ ಅವನೊಡನೆ ಮಾತನ್ನೇ ಆಡಿಲ್ಲ.