ಅಡ್ಡ ನನ್ನದು, ಉದ್ದ ಅಪ್ಪಾಜಿಯದು

ಇಂಗ್ಲಿಷ್ ಪೇಪರಿನ ಪದಬಂಧದ ಹುಚ್ಚು ನನಗೆ ಹಿಡಿದದ್ದು ಅಪ್ಪಾಜಿಯಿಂದ. ಅವರು ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹಗಲೆಲ್ಲ ಪಹಣಿ, ಖಾತೆ, ಜಮಾಬಂದಿ. ಸಂಜೆಯಾದರೆ ಸಾಹೇಬರು ಓದಿ ಬಿಟ್ಟ ಇಂಗ್ಲಿಷ್ ಪೇಪರನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬರುವರು. ಸುದ್ದಿ ಓದುವುದಕ್ಕಲ್ಲ, ಹಿಂದಿನ ಪುಟದ ಮೂಲೆಯಲ್ಲಿರುತ್ತಿದ್ದ ಆ ಕಪ್ಪು ಬಿಳುಪು ಚೌಕಗಳಿಗಾಗಿ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯ ಸಂಜೆಗಳು ಬಹಳ ಉದ್ದವಾಗಿಬಿಟ್ಟಿದ್ದವು. ಅಣ್ಣ ಗೆಳೆಯರ ಜೊತೆ ಹೊಳೆ ಕಡೆ ಹೋದರೆ ಊಟದ ಹೊತ್ತಿಗೇ ವಾಪಸ್ಸು. ಅನ್ನಕ್ಕೆ ಇಟ್ಟು ಬಂದು ನಾನು ಅಪ್ಪಾಜಿಯ ಪಕ್ಕ ಜಗಲಿಯಲ್ಲಿ ಕೂರುತ್ತಿದ್ದೆ. ಕೂತವಳು ಹಾಗೇ ಕಲಿತೆ.

ಇದು ಅರ್ಥ ಕೊಟ್ಟು ಪದ ಕೇಳುವ ಸಾಧು ಪದಬಂಧವಲ್ಲ. ಇಲ್ಲಿ ಸುಳಿವು ಹೇಳುವುದು ಒಂದು, ಕೇಳುವುದು ಇನ್ನೊಂದು. ಫ್ಲವರ್ ಅಂತ ಇರುತ್ತದೆ. ಮಲ್ಲಿಗೆ, ಸೇವಂತಿಗೆ ಎಂದು ಇದ್ದಬದ್ದ ಹೂವನ್ನೆಲ್ಲ ನೆನೆಸಿಕೊಂಡು ಕೂತಿರೋ, ಕೆಟ್ಟಿರಿ. ಅದು ಹೂವೇ ಅಲ್ಲ. ಫ್ಲೋ ಆಗುವಂಥದ್ದು, ಹರಿಯುವಂಥದ್ದು, ಅಂದರೆ ನದಿ. ಮೊದಲ ಸಲ ಇದನ್ನು ಬಿಡಿಸಿ ತೋರಿಸಿದಾಗ ಅಪ್ಪಾಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಅರ್ಥವಾಗಿ ನಗು ಬಂದಾಗ ತೊಡೆ ತಟ್ಟಿ, "ಸಿಕ್ಕಾಕೊಂಡ ನೋಡು ಕಳ್ಳ!" ಎಂದರು. ಪದಬಂಧ ಬರೆದವನನ್ನು ಅವರು ಕರೆಯುತ್ತಿದ್ದುದೇ ಕಳ್ಳ ಎಂದು. ಅಮ್ಮ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಕಲಿತ ಮೇಲೆ ಜಗಳ ಶುರುವಾಯಿತು. ಅವರಿಗೆ ಹೊಳೆಯುತ್ತಿದ್ದುದನ್ನು ನಾನು ಮೊದಲೇ ಹೇಳಿಬಿಡುವುದು, ನಾನು ಹಲ್ಲು ಕಚ್ಚಿ ಯೋಚಿಸುತ್ತಿದ್ದರೆ ಅವರು ಬರೆದುಬಿಡುವುದು. ಕೊನೆಗೆ ಅಣ್ಣತಮ್ಮಂದಿರ ಜಮೀನಿನ ಹಾಗೆ ಪಾಲು ಮಾಡಿಕೊಂಡೆವು. ಎಡದಿಂದ ಬಲಕ್ಕೆ ಹೋಗುವ ಅಡ್ಡ ಪದಗಳೆಲ್ಲ ನನಗೆ, ಮೇಲಿಂದ ಕೆಳಕ್ಕೆ ಇಳಿಯುವ ಉದ್ದ ಪದಗಳೆಲ್ಲ ಅಪ್ಪಾಜಿಗೆ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ಉತ್ತರ ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡು ಕೂರಬೇಕು. ನನ್ನಂಥ ಬಾಯಿಬಡುಕಿಗೆ ಅದು ದೊಡ್ಡ ಶಿಕ್ಷೆಯೇ.

ತೊಂಬತ್ತರ ದಶಕದ ಮೊದಲಲ್ಲಿ ನನ್ನನ್ನು ತಿ. ನರಸೀಪುರಕ್ಕೆ ಕೊಟ್ಟರು. ಗೊಬ್ಬರದ ಅಂಗಡಿಯ ಮನೆ. ಒಳ್ಳೆಯ ಜನ, ಉಣ್ಣಲು ಉಡಲು ಯಾವ ಕೊರತೆಯೂ ಇಲ್ಲ. ಮದುವೆಯ ಮಾತುಕತೆಯಲ್ಲಿ ಅಪ್ಪಾಜಿ ಗಂಡಿನವರನ್ನು ಕೇಳಿದ್ದು ಒಂದೇ ಒಂದು. "ನಮ್ ಹುಡ್ಗಿಗೆ ದಿನಾ ಒಂದು ಇಂಗ್ಲಿಷ್ ಪೇಪರ್ ಹಾಕಿಸ್ಕೊಡಿ, ಅಷ್ಟು ಸಾಕು." ಅವರೆಲ್ಲ ಇದೇನೋ ತಮಾಷೆ ಎಂದುಕೊಂಡು ನಕ್ಕರು. ನಕ್ಕರೂ ಮಾತು ಉಳಿಸಿಕೊಂಡರು. ಬಸ್ಸಿನಲ್ಲಿ ಬಂದ ಪೇಪರ್ ದಿನಾ ಬಾಗಿಲಿಗೆ ಬಂದು ಬೀಳುತ್ತಿತ್ತು.

ಅಲ್ಲಿ ಮಾತಿಗೇನೂ ಬರವಿರಲಿಲ್ಲ. ಯೂರಿಯಾ ಬಂತೋ ಇಲ್ಲವೋ, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಯಾರ ಮನೆಯ ಹೆಣ್ಣನ್ನು ಎಲ್ಲಿಗೆ ಕೇಳಿದರು, ಕವಲಂದೆಯ ಬೀಗರು ಕೋಪ ಮಾಡಿಕೊಂಡು ಉಣ್ಣದೆ ಎದ್ದು ಹೋದದ್ದು ಏಕೆ, ಬೆಳಗಿನಿಂದ ರಾತ್ರಿಯವರೆಗೆ ಮಾತೇ ಮಾತು. ನಾನೂ ಆಡುತ್ತಿದ್ದೆ. ಆದರೂ ನನಗೆ ಅಲ್ಲಿ ಒಂಟಿತನ ಕಾಡುತ್ತಿತ್ತು. ಅದನ್ನು ಯಾರಿಗಾದರೂ ಹೇಳೋಣವೆಂದರೆ ನಾಚಿಕೆ. ಹೊಡೆದರೇ, ಬೈದರೇ, ಉಪವಾಸ ಕೆಡವಿದರೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕಾಗಿತ್ತು. ದೂರಲು ಏನೂ ಇಲ್ಲದವಳ ದುಃಖವನ್ನು ಕೊಬ್ಬು ಎನ್ನುತ್ತಾರೆ. ಒಂದೊಂದು ದಿನ ನನಗೂ ಹಾಗೇ ಅನಿಸುತ್ತಿತ್ತು.

ಯಜಮಾನರಿಗೆ ಕಲಿಸಲು ಒಮ್ಮೆ ನೋಡಿದೆ. ಭಾನುವಾರ, ಅಂಗಡಿಗೆ ರಜೆ. ಅದೇ ಫ್ಲವರ್ ಕಥೆಯನ್ನು ಹೇಳಿದೆ. ಪಾಪ, ಬಹಳ ಗಮನವಿಟ್ಟು ಕೇಳಿದರು. ಕೇಳಿ, "ಹೊಳೆ ಅಂತ ನೆಟ್ಟಗೆ ಕೇಳುದ್ರೆ ಅವ್ನ ಗಂಟೇನು ಹೋಗ್ತಿತ್ತು?" ಎಂದರು. ವ್ಯಾಪಾರಸ್ಥರ ಪ್ರಶ್ನೆ. ನಾನು ಪೇಪರ್ ಮಡಿಸಿಟ್ಟೆ.

ಅತ್ತೆ ಮೂಗೂರಿನವರು, ಒಗಟು ಹಾಕುವುದರಲ್ಲಿ ಎತ್ತಿದ ಕೈ. ಅವರಲ್ಲಿ ಒಂದು ಪದ್ಧತಿಯಿತ್ತು. ಒಗಟು ಬಿಡಿಸಲಾರದೆ ಸೋತವರು ಒಂದು ಊರು ಕೊಡಬೇಕು. ಬಾಯಿಮಾತಿನಲ್ಲೇ ಕೊಡುವುದು, ಕೊಟ್ಟ ಮೇಲೇ ಉತ್ತರ ಹೇಳುವುದು. ಹೊಸದರಲ್ಲಿ ಒಮ್ಮೆ ನಾನು ಸೋತು, "ತಗೊಳ್ಳಿ ಅತ್ತೆ, ನಂಜನಗೂಡೇ ಕೊಟ್ಟೆ" ಎಂದಿದ್ದಕ್ಕೆ ಅವರು ಬೆಚ್ಚಿಬಿದ್ದು, "ಬುಡ್ತು ಅನ್ನವ್ವ, ತವರೂರ ಕೊಡಬಾರ್ದು. ಸೋಮನಾಥಪುರ ಕೊಡು" ಎಂದು ಬದಲಾಯಿಸಿಕೊಂಡರು. ಒಂದು ದಿನ ನಾನು ಅಡುಗೆಮನೆಯಲ್ಲಿ ಪೇಪರ್ ಇಟ್ಟುಕೊಂಡು ಒಬ್ಬಳೇ ನಗುವುದನ್ನು ಕಂಡು ಬಂದು ಎದುರಿಗೆ ಕೂತರು.

"ಏನವ್ವ, ಒಬ್ಳೇ ಕುಂತ್ಕಂಡು ನಗ್ತಿದ್ದೀಯೆ?"

"ಒಗಟು ಅತ್ತೆ. ಇಂಗ್ಲಿಷ್ ಒಗಟು."

"ಹಾಕ್ದೋರ್ಯಾರು?"

"ಯಾರೋ. ಪೇಪರಿನವರು."

"ಬುಡಿಸ್ದೋರು?"

"ನಾನೇ."

ಅತ್ತೆ ಪೇಪರನ್ನು ತಮ್ಮ ಕಡೆ ಎಳೆದುಕೊಂಡರು. "ಮಕ ಕಾಣ್ದೋರು ಹಾಕುದ್ರು, ನೀನು ಬುಡಿಸ್ದೆ. ಸೋತ್ರೆ ಊರ ಯಾರ್ಗೆ ಕೊಟ್ಟೀಯವ್ವ?" ಎಂದರು. ಕುಹಕದಿಂದ ಹೇಳಿದ್ದಲ್ಲ, ನಿಜವಾಗಿ ನೊಂದುಕೊಂಡು ಹೇಳಿದ್ದು. ಆಮೇಲೆ ಒಂದು ಸುಳಿವನ್ನು ಕನ್ನಡದಲ್ಲಿ ಹೇಳೆಂದು ಹಟ ಹಿಡಿದರು. ಹೇಳಿದೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದರ ಜೀವ ಹೋಗಿತ್ತು. "ನಗೀನೇ ಬರ್ಲಿಲ್ಲ ಕಣವ್ವ" ಎಂದು ಅತ್ತೆ ಬೇಜಾರಿನಿಂದ ಎದ್ದು ಹೋದರು. ಅವರ ತಪ್ಪೇನೂ ಇರಲಿಲ್ಲ.

ಹಾಗಾಗಿ ಇಡೀ ಲೋಕದಲ್ಲಿ ನನ್ನ ಈ ನಗುವಿಗೆ ಜೊತೆ ಎಂದರೆ ಅಪ್ಪಾಜಿ ಒಬ್ಬರೇ. ಮದುವೆಯಾದ ಮೇಲೂ ನಮ್ಮ ಪಾಲು ಪಾಲೇ. ಅವರು ನಿವೃತ್ತರಾಗಿ, ಸ್ವಂತಕ್ಕೆ ಅದೇ ಪೇಪರ್ ಹಾಕಿಸಿಕೊಂಡರು. ನರಸೀಪುರದಲ್ಲಿ ನಾನು ಅಡ್ಡ ಪದಗಳನ್ನಷ್ಟೇ ಪೆನ್ಸಿಲಿನಲ್ಲಿ ತುಂಬುವುದು, ನಂಜನಗೂಡಿನಲ್ಲಿ ಅವರು ಉದ್ದ ಪದಗಳನ್ನಷ್ಟೇ ತುಂಬುವುದು. ಇನ್ನೊಬ್ಬರ ಅಕ್ಷರಗಳ ಆಸರೆಯಿಲ್ಲದೆ ಬಿಡಿಸುವುದು ಎಷ್ಟು ಕಷ್ಟ ಎಂದು ಬಿಡಿಸಿದವರಿಗೇ ಗೊತ್ತು. ತಿಂಗಳಿಗೊಮ್ಮೆ ನಾನು ಕತ್ತರಿಸಿಟ್ಟ ಪದಬಂಧಗಳ ಕಟ್ಟನ್ನು ಬ್ಯಾಗಿಗೆ ತುರುಕಿಕೊಂಡು ತವರಿಗೆ ಬಸ್ಸು ಹತ್ತುತ್ತಿದ್ದೆ. ಮಗನಿಗೆ ಸೋದರಮಾವನ ಮನೆಯ ಸಂಭ್ರಮ, ನನಗೆ ಇದು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವರ ಪದಗಳನ್ನು ಒಂದೊಂದಾಗಿ ನನ್ನ ಚೌಕಗಳಿಗೆ ಇಳಿಸುವುದು. ಎರಡೂ ಒಂದಕ್ಕೊಂದು ಸರಿಯಾಗಿ ಕೂತರೆ ಅಪ್ಪಾಜಿ ಹೆಮ್ಮೆಯಿಂದ ಕೆಮ್ಮುವರು. ಇದಕ್ಕೆ ನಾವು ಹೊಂದಿಸುವುದು ಎನ್ನುತ್ತಿದ್ದೆವು. ಅತ್ತಿಗೆ ಕಾಫಿ ತಂದಿಟ್ಟು, "ಜಾತಕ ನೋಡ್ತಾ ಕೂತವ್ರೆ ತಂದೆ ಮಗಳು" ಎಂದು ಛೇಡಿಸಿ ಒಳಗೆ ಹೋಗುತ್ತಿದ್ದರು. ಹೊಂದಿಸಿದ ಕಟ್ಟು ಅಪ್ಪಾಜಿಯ ಹತ್ತಿರವೇ ಉಳಿಯುವುದು. ತಿಂಗಳಿಡೀ ನಾನು ಬದುಕುತ್ತಿದ್ದುದು ಆ ಒಂದು ಮಧ್ಯಾಹ್ನಕ್ಕಾಗಿ ಎಂದರೆ ಹೆಚ್ಚಿನ ಮಾತೇನಲ್ಲ.

ಹೀಗೇ ವರ್ಷಗಳು ಕಳೆದವು. ಹೊಸ ಶತಮಾನ ಬಂತು, ಯಜಮಾನರ ಜೇಬಿಗೆ ಮೊಬೈಲ್ ಬಂತು, ಮಗ ಹೈಸ್ಕೂಲು ಸೇರಿದ. ಒಂದು ಸಲ ಹೊಂದಿಸಲು ಕೂತಾಗ ಅಪ್ಪಾಜಿಯ ಒಂದು ಪದ ನನ್ನ ಪದಕ್ಕೆ ಕೂರಲಿಲ್ಲ. ನಾನೇ ತಪ್ಪಿರಬೇಕು ಎಂದುಕೊಂಡು ತಿರುಗಿ ನೋಡಿದೆ. ನಾನು ತಪ್ಪಿರಲಿಲ್ಲ. ಮುಂದಿನ ತಿಂಗಳು ಅಂಥವು ಇನ್ನೂ ಕಂಡವು. ಅದರ ಮುಂದಿನ ತಿಂಗಳು ಆರು ಚೌಕಗಳ ಒಂದು ಉದ್ದ ಸಾಲಿನಲ್ಲಿ ಅಪ್ಪಾಜಿ ತಮ್ಮ ಮುತ್ತಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಹಲಸು ಎಂದು ಬರೆದಿದ್ದರು. ಕನ್ನಡದ ಹಲಸು. ಪಕ್ಕದ ಇನ್ನೊಂದರಲ್ಲಿ ಉಪ್ಪಿಟ್ಟು. ಚೌಕಗಳಿಗೆ ಸರಿಯಾಗಿ ಅಳೆದು ತುಂಬಿದ್ದರು, ಒಂದು ಅಕ್ಷರವೂ ಹೊರಗೆ ಚೆಲ್ಲಿರಲಿಲ್ಲ.

ಮೊದಲು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಅವರು ನನ್ನ ಮುಖವನ್ನೇ ನೋಡುತ್ತ, ಹೊಂದಿತೋ ಇಲ್ಲವೋ ಎಂದು ಕಾಯುತ್ತಿದ್ದರು. ತಮಾಷೆಯಲ್ಲ. ಆಗ ನನಗೆ ತೋಚಿದ್ದು ಇಷ್ಟೇ: ನನ್ನ ಅಡ್ಡ ಸಾಲಿನಲ್ಲಿ ಸರಿಯಾಗಿ ಕೂತಿದ್ದ ಪಾಕೆಟ್ ಎಂಬ ಪದದ ನಡುವಿನ ಸಿ ಅಕ್ಷರವನ್ನು ರಬ್ಬರಿನಿಂದ ಅಳಿಸಿ, ಹಲಸಿಗೆ ಬೇಕಾದ ಎ ಬರೆದೆ. "ಹೊಂದ್ತು ಅಪ್ಪಾಜಿ" ಎಂದೆ. ಅವರು ಹೆಮ್ಮೆಯಿಂದ ಕೆಮ್ಮಿದರು.

ಅಣ್ಣನನ್ನು ಒಳಗೆ ಕರೆದು ಕೇಳಿದೆ. "ವಯಸ್ಸಾಯ್ತಲ್ಲವ್ವ, ಮರೀತಾರೆ. ಮೊನ್ನೆ ಅಂಗಡಿ ಬೀದೀಲಿ ನಿಂತ್ಕೊಂಡು ಮನೆ ದಾರಿ ಕೇಳುದ್ರಂತೆ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಒಬ್ಬರನ್ನೇ ಆಚೆ ಬುಡಬೇಡಿ ಅಂದವ್ರೆ" ಎಂದ. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಅಪ್ಪಾಜಿಗಾಗಿ ಅತ್ತದ್ದು ಎಷ್ಟು, ನನಗಾಗಿ ಅತ್ತದ್ದು ಎಷ್ಟು, ಹೇಳಲಾರೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅದೇ ಕೆಲಸ. ಅಪ್ಪಾಜಿಯ ಪದ ಯಾವುದಿದೆಯೋ ಅದೇ ಸರಿ. ಅದಕ್ಕೆ ತಕ್ಕಂತೆ ನನ್ನ ಸರಿಯಾದ ಪದಗಳನ್ನು ಕೆಡಿಸುವುದು. ಯಾವ ನಿಘಂಟಿನಲ್ಲೂ ಸಿಗದ, ಯಾವ ಬಾಯಿಯಲ್ಲೂ ಹೊರಳದ ಪದಗಳು ನನ್ನ ಸಾಲುಗಳಲ್ಲಿ ತುಂಬಿದವು. ಅವರು ಮಾತ್ರ ಸಂತೋಷವಾಗಿ ಕಾಣುತ್ತಿದ್ದರು. ಹೊಂದಿದರೆ ಸಾಕು, ಸರಿಯಿರಲಿ ತಪ್ಪಿರಲಿ, ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಒಂದು ದಿನ ಮಧ್ಯಾಹ್ನ ಯಜಮಾನರು ಊಟದ ಹೊತ್ತಿಗೆ ಮೊದಲೇ ಅಂಗಡಿಯಿಂದ ಬಂದರು. ಹಿಂದೆ ಅಪ್ಪಾಜಿ, ಕೈಯಲ್ಲಿ ಬಟ್ಟೆಯ ಚೀಲ, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಒಬ್ಬರೇ ಬಸ್ಸು ಹತ್ತಿ ಬಂದುಬಿಟ್ಟಿದ್ದರು. "ಬಸ್ ಸ್ಟ್ಯಾಂಡಲ್ಲಿ ಗೊಬ್ಬರದಂಗ್ಡಿ ಎಲ್ಲಿ ಅಂತ ಕೇಳ್ಕೊಂಡು ಬಂದವ್ರೆ. ನಂಜನಗೂಡಲ್ಲಿ ಹುಡುಕ್ತಿರ್ತಾರೆ, ಫೋನ್ ಮಾಡ್ತೀನಿ" ಎಂದು ಯಜಮಾನರು ನನಗೆ ಮಾತ್ರ ಕೇಳುವಂತೆ ಹೇಳಿ ಹೊರಗೆ ಹೋದರು. ಅತ್ತೆ ಕೈಕಾಲಿಗೆ ನೀರು ಕೊಟ್ಟು, ಎಲೆ ಹಾಕಿ, ಬೀಗರಿಗೆ ಎರಡೆರಡು ಸಲ ಬಡಿಸಿದರು. ಅಪ್ಪಾಜಿ ಎಲ್ಲರೊಂದಿಗೂ ಸರಿಯಾಗಿ ಮಾತನಾಡಿದರು. ಊಟವಾದ ಮೇಲೆ, "ಮಗಳ ಹತ್ರ ಒಂದ್ ಮಾತಿತ್ತು" ಎಂದು ನನ್ನನ್ನು ಹಿತ್ತಿಲಿಗೆ ಕರೆದರು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಟ್ಟೆಯ ಮೇಲೆ ಕೂತು ಚೀಲದಿಂದ ಹೊಂದಿಸಿದ ಕಟ್ಟನ್ನು ತೆಗೆದರು. ಬೆರಳಿಟ್ಟು ತೋರಿಸುತ್ತ ಹೋದರು.

"ಇದೇನವ್ವ ಇದು? ಇಂಥ ಪದ ಎಲ್ಲಾದ್ರೂ ಉಂಟಾ? ಇದು? ನೋಡು, ಇದು? ಅಡ್ಡ ಒಂದೂ ಸರಿಯಿಲ್ಲ. ನನ್ನ ಉದ್ದ ಎಲ್ಲ ಸರಿಯಾಗೇ ಅದೆ, ನೋಡ್ದೆ."

ನಾನು ಹಾಳೆಗಳನ್ನು ಒಟ್ಟುಗೂಡಿಸಿ ಮಡಿಸತೊಡಗಿದೆ.

"ನೀನು ಹಿಂಗೆ ತಪ್ಪು ಮಾಡೋಳಲ್ಲ. ನಿನ್ನ ಮನಸ್ಸು ನೆಟ್ಟಗಿಲ್ಲ ಕಣವ್ವ. ನಂಗೆ ಗೊತ್ತಾಯ್ತು. ಅಣ್ಣಂಗೆ ಹೇಳುದ್ರೆ ಸುಮ್ನಿರಿ ಅಂತಾನೆ. ಅದ್ಕೇ ನಾನೇ ಬಂದೆ." ಒಳಗೆ ಕೇಳಿಸದಿರಲೆಂದು ದನಿ ತಗ್ಗಿಸಿದರು. "ಈ ಮನೇಲಿ ನಿನ್ ಜೊತೆ ಮಾತಾಡೋರು ಯಾರಾದ್ರೂ ಅವ್ರೇನವ್ವ?"

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಇಲ್ಲ ಎಂದರೆ ಒಳ್ಳೆಯ ಜನರನ್ನು ದೂರಿದಂತೆ. ಇದ್ದಾರೆ ಎಂದರೆ ಈ ತಪ್ಪುಗಳೆಲ್ಲ ಯಾರವು ಎಂದು ಹೇಳಬೇಕು. ಅದನ್ನು ಹೇಳುವುದು ನನ್ನ ಕೈಲಾಗದು. ಅಪ್ಪಾಜಿಯನ್ನು ಕಾಪಾಡಲೆಂದೇ ಬಾಯಿ ತೆರೆದೆ.

"ಇಲ್ಲ ಅಪ್ಪಾಜಿ. ಯಾರೂ ಇಲ್ಲ" ಎಂದೆ.

ಸುಳ್ಳು ಹೇಳಲು ಹೊರಟಿದ್ದೆ, ಬಾಯಿಂದ ಬಂದದ್ದು ನಿಜ. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಅಪ್ಪಾಜಿ ನನ್ನ ತಲೆಯ ಮೇಲೆ ಕೈಯಿಟ್ಟರು. ತಾವು ಅನುಮಾನಪಟ್ಟದ್ದು ಸರಿಯಾಗಿತ್ತು ಎಂಬ ನೆಮ್ಮದಿ ಅವರ ಮುಖದಲ್ಲಿತ್ತು.

"ಅಳಬ್ಯಾಡ. ನೀನು ಸುಧಾರಿಸ್ಕೊಳ್ಳೋವರ್ಗೂ ಅಡ್ಡಾನೂ ನಾನೇ ನೋಡ್ಕೋತೀನಿ" ಎಂದರು. "ಇವತ್ತಿನ್ದು ಎಲ್ಲಿ, ಕೊಡು."

ಒಳಗೆ ಹೋಗಿ ಆ ದಿನದ ಪೇಪರನ್ನೂ ನನ್ನ ಪೆನ್ಸಿಲನ್ನೂ ತಂದುಕೊಟ್ಟೆ. ಅಪ್ಪಾಜಿ ತೊಡೆಯ ಮೇಲೆ ಹರಡಿಕೊಂಡು, ಸುಳಿವುಗಳ ಕಡೆ ನೋಡದೆ, ನನ್ನ ಸಾಲುಗಳಿಂದಲೇ ಶುರುಮಾಡಿ ಒಂದೊಂದೇ ಚೌಕ ತುಂಬುತ್ತ ಹೋದರು. ನಾನು ಅವರ ಪಕ್ಕಕ್ಕೆ ಸರಿದು ಕೂತೆ.