ಬಳೆ ಇಡಲು ಕಲಿತ ಚಳಿಗಾಲ

ಜತ್ತ ಸಂಸ್ಥಾನ ಮುಗಿದು ಒಂದೆರಡು ವರ್ಷವಾಗಿದ್ದ ದಿನಗಳವು. ನನಗೆ ಹನ್ನೊಂದು ತುಂಬಿತ್ತು. ಅಪ್ಪ ತೀರಿಕೊಂಡಿದ್ದ, ಅವ್ವ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗುತ್ತಿದ್ದಳು. ನನ್ನ ಕೈಗೂ ಸುತ್ತಿಗೆ ಬರಬಾರದೆಂದು, ದೀಪಾವಳಿ ಮುಗಿಯುತ್ತಲೇ ನನ್ನನ್ನು ಸಂಖ ಊರಿನ ಬಳೆಗಾರ್ತಿ ಮಲ್ಲವ್ವನ ಮನೆಗೆ ಕರೆದೊಯ್ದಳು. ಮಲ್ಲವ್ವನಿಗೆ ಮಕ್ಕಳಿರಲಿಲ್ಲ. ಬೆರಳುಗಳು ವಾತದಿಂದ ಡೊಂಕಾಗತೊಡಗಿದ್ದವು.

"ಯುಗಾದಿತನಕ ನೋಡ್ತೀನಿ. ಎರಡೂ ಹೊತ್ತು ಊಟ ಹಾಕ್ತೀನಿ. ಕೈ ಕೂತ್ರ ಇಟ್ಕೋತೀನಿ, ಇಲ್ಲಂದ್ರ ನೀನ ಬಂದು ಕರ್ಕೊಂಡು ಹೋಗವ್ವಾ," ಎಂದಳು ಆಕೆ.

ಆ ಮನೆಯಲ್ಲಿ ಯಾವಾಗಲೂ ಬಳೆ ಸುತ್ತಿಟ್ಟ ಒಣಹುಲ್ಲಿನ ವಾಸನೆ. ಓರಗೆಯ ಹುಡುಗಿಯರು ಬಳೆಚೂರು ಕೇಳಿಕೊಂಡು ಬಾಗಿಲಿಗೆ ಬರುತ್ತಿದ್ದರು. ಅಂಗಳದಲ್ಲಿ ಅವರ ಆಟ, ಒಳಗೆ ನನ್ನ ಪಾಠ. ಮೊದಲು ಬಳೆಗೆ ಬಳೆ ತಾಗಿಸಿ ಸದ್ದು ಕೇಳಬೇಕು. ಸೀಳಿದ್ದರೆ ಸದ್ದು ಮಂಕು. ಆಮೇಲೆ ಮಲ್ಲವ್ವನ ಕೈಯನ್ನೇ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ಒಳಗೆ ಮಡಚಿ, ಬಳೆ ದಾಟಿಸಬೇಕು. ನೋಯುತ್ತಿದ್ದ ಕೈಯನ್ನೇ ಅವಳು ದಿನವೂ ನನ್ನ ಮುಂದೆ ಚಾಚುತ್ತಿದ್ದಳು.

"ಬಳಿ ನೋಡಬ್ಯಾಡ, ಮಾರಿ ನೋಡು. ನೋವು ಮೊದಲ ಮಾರಿಗೆ ಬರತೈತಿ," ಎಂದು ತನ್ನ ಮುಖ ತೋರಿಸುತ್ತಿದ್ದಳು.

ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ನನ್ನ ಕೈಯಲ್ಲಿ ದಿನವೂ ಹೆಚ್ಚುತ್ತಿದ್ದವು. ಯುಗಾದಿ ಹತ್ತಿರವಾದಂತೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದೆ.

ಹಬ್ಬಕ್ಕೆ ಹದಿನೈದು ದಿನವಿದ್ದಾಗ ಸೊರಡಿ ಊರಿನ ಮದುವೆಮನೆಯಿಂದ ಎತ್ತಿನ ಚಕ್ಕಡಿ ಬಂತು. ಅಂದು ಮಲ್ಲವ್ವನ ಬೆರಳು ಮಡಚಲೇ ಇಲ್ಲ. ಹಂದರದಡಿ ಮದುಮಗಳ ಮುಂದೆ ನನ್ನನ್ನು ಕೂರಿಸಿದಳು.

"ಈ ಕೂಸು ಇಡತೈತೇನು?" ಮದುಮಗಳ ಸೋದರತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾ ಕಲಿಸೀನ್ರಿ," ಎಂದಳು ಮಲ್ಲವ್ವ.

ಜೋಳ ಕೊಯ್ದು ಒರಟಾಗಿದ್ದ ಕೈ. ಹಸಿರು ಬಳೆಗಳು ಒಂದೊಂದಾಗಿ ಏರಿದವು. ಎಂಟನೆಯದನ್ನು ದಾಟಿಸುವಾಗ ಅತ್ತೆ ಕೆಮ್ಮಿದಳು. ನಾನು ಅವಳತ್ತ ನೋಡಿದೆ. ಬಳೆ ಟಕ್ಕೆಂದಿತು. ಮದುಮಗಳ ಕೈಮೇಲೆ ರಕ್ತ ಜಿನುಗಿತು.

"ಅಪಶಕುನ! ಎಬ್ಬಸ್ರಿ ಇಕಿನ್ನ!" ಅತ್ತೆ ಕೂಗಿದಳು.

ಜಲ್ಲಿಯ ರಾಶಿ ಕಣ್ಣ ಮುಂದೆ ಬಂತು. ಮಲ್ಲವ್ವ ಚೂರುಗಳನ್ನು ಸೆರಗಿಗೆ ಆಯ್ದುಕೊಂಡು, "ಬಳಿ ಹೆಚ್ಚೇತ್ರಿ. ನನ್ನ ಮಾಲಿನಾಗ ಸೀಳಿತ್ತು, ಹುಡುಗಿ ತಪ್ಪಲ್ಲ," ಎಂದಳು.

ಸೀಳಿರಲಿಲ್ಲ. ಆ ಬಳೆಗಳ ಸದ್ದನ್ನು ಹೊರಡುವ ಮುನ್ನ ನಾನೇ ಎರಡು ಸಲ ಕೇಳಿದ್ದೆ.

ಮಲ್ಲವ್ವ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದಳು: "ಯಾರ ಮಾರಿ ನೋಡಿದಿ?"

"ಅತ್ತೀದು."

"ಬಳಿ ಇಡಿಸಿಕೊಳ್ಳಾಕಿ ಅಕಿ ಅಲ್ಲ."

ಮದುಮಗಳು ರಕ್ತ ಒರೆಸಿಕೊಂಡು ಇನ್ನೊಂದು ಕೈಯನ್ನು ನನ್ನ ತೊಡೆಯ ಮೇಲಿಟ್ಟಳು. "ಇಕೀನ ಇಡಲಿ ಬಿಡ್ರಿ, ಅತ್ತಿ."

ಅವಳ ಮುಖವನ್ನೇ ನೋಡುತ್ತ ಇಟ್ಟೆ. ಆ ಕೈ ತುಂಬಿದ ಮೇಲೆ ಗಾಯದ ಕೈಗೂ ಉಳಿದವನ್ನು ಏರಿಸಿದೆ.

ಯುಗಾದಿಗೆ ಅವ್ವ ಬಂದಳು. ಮಲ್ಲವ್ವ ಅವಳ ಕೈಗೆ ಬೇವು-ಬೆಲ್ಲ ಕೊಟ್ಟು, "ನೀ ಒಬ್ಬಾಕೀನ ಹೋಗು," ಎಂದಳು.

ಈಗ ಹೆಂಗಸರು ಅಳತೆ ನೋಡಿ ಅಂಗಡಿಯಲ್ಲಿ ಬಳೆ ಕೊಂಡು ತಾವೇ ಹಾಕಿಕೊಳ್ಳುತ್ತಾರೆ. ಕಲಿಯಲು ಯಾರೂ ಬರುವುದಿಲ್ಲ. ಆದರೆ ಮಲ್ಲವ್ವನಿಂದ ಬಂದದ್ದನ್ನು ನಾನು ಕಳೆದುಕೊಂಡದ್ದು ಅದಕ್ಕೂ ಮೊದಲೇ. ನನ್ನ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ಗಿರಾಕಿಯ ಕೈ ಕೊಯ್ದ ದಿನ, ಮಲ್ಲವ್ವನಂತೆ ತಪ್ಪು ನನ್ನದು ಎನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಅವಳು ಬರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ.