ನೆಟ್ಟಗೆ ಎಳೆದ ಹೊಳೆ

ಮೊನ್ನೆ ಬೀರುವಿನ ಮೂಲೆಯಲ್ಲಿ ಒಂದು ಹಳೆಯ ಪೆನ್ ಡ್ರೈವ್ ಸಿಕ್ಕಿತು. ಅದರ ಮುಚ್ಚಳ ಎಂದೋ ಕಳೆದುಹೋಗಿತ್ತು. ಹೊಸ ಬ್ರಷ್ಷಿನ ಕೂದಲು ಕೆಡದಂತೆ ಒಂದು ಪ್ಲಾಸ್ಟಿಕ್ ಕೊಳವೆ ಹಾಕಿ ಕೊಡುತ್ತಾರಲ್ಲ, ಅದನ್ನೇ ಮುಚ್ಚಳದ ಹಾಗೆ ತೊಡಿಸಿತ್ತು. ನೋಡಿದ ಕೂಡಲೇ ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು...

ನಾನು ಹುಟ್ಟಾ ಅನುಮಾನದವಳು. ಯಾರಾದರೂ ಸುಮ್ಮನೆ ನಕ್ಕರೂ ಏನೋ ಮಸಲತ್ತು ಇದೆ ಎಂದುಕೊಳ್ಳುವವಳು. ಆಗ ಗೊರೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಆ ವರ್ಷ ಹಾಸನದಲ್ಲಿ ಶಿಕ್ಷಕರಿಗಾಗಿ ಸ್ಲೈಡ್ ಮಾಡುವ ಸ್ಪರ್ಧೆ. ಗೆಲ್ಲಲೇಬೇಕೆಂಬ ಹಟ ನನಗೆ. ಫೋಟೊ ಅಂಟಿಸುವಂತಿರಲಿಲ್ಲ, ಎಲ್ಲವನ್ನೂ ಶೇಪ್‌ಗಳಲ್ಲೇ ಬರೆಯಬೇಕಿತ್ತು. ನಾನು ಅಣೆಕಟ್ಟೆ ಬರೆದೆ. ಗೇಟುಗಳಿಗೆ ಆಯತ, ಗುಡ್ಡಕ್ಕೆ ತ್ರಿಕೋನ, ಜಲಾಶಯಕ್ಕೆ ದೊಡ್ಡದೊಂದು ನೀಲಿ ಆಕಾರ, ಕೆಳಗೆ ಹರಿಯುವ ಹೇಮಾವತಿಗೆ ಎರಡು ಗೆರೆ. ಲ್ಯಾಬಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಪೆನ್ ಡ್ರೈವನ್ನು ಅದರ ಮೇಜಿನ ಡ್ರಾಯರಿನಲ್ಲೇ ಇಡುತ್ತಿದ್ದೆ.

ಮೇಷ್ಟ್ರಿಗೆ ನಿವೃತ್ತಿ ಹತ್ತಿರವಾಗಿತ್ತು. ಬೋರ್ಡಿನ ಮೇಲೆ ಒಂದೇ ಬೀಸಿಗೆ ದುಂಡನೆಯ ವೃತ್ತ ಎಳೆಯುತ್ತಿದ್ದವರು, ಮೌಸ್ ಹಿಡಿದರೆ ಬರೀ ಮೊಟ್ಟೆ. ಶಿಫ್ಟ್ ಒತ್ತಿಕೊಂಡು ಎಳೆಯಿರಿ ಎಂದು ಹೇಳಿಕೊಟ್ಟೆ. ಮಾರನೆಯ ದಿನ ಮತ್ತೆ ಬಂದರು.

“ಮೇಡಮ್ಮೋರೆ, ಎಳೆದ್ಬುಟ್ಟ ಗೆರೇನ ಆಮೇಲೆ ಬಗ್ಸೋದೆಂಗೆ?”

ಆಕಾರದ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ, ಅವನ್ನು ಹಿಡಿದು ಎಳೆದರೆ ಗೆರೆ ಬಗ್ಗುತ್ತದೆ ಎಂದು ತೋರಿಸಿದೆ. ತೋರಿಸಿದ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ರಿಟೈರ್ ಆಗುವವರಿಗೆ ಇದೆಲ್ಲ ಯಾಕೆ? ಅವರೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆಯೇ? ನನ್ನದನ್ನೇ ತಮ್ಮದೆಂದು ತೋರಿಸಿಬಿಟ್ಟರೆ?

ಒಂದು ಬೆಳಿಗ್ಗೆ ಫೈಲ್ ತೆರೆದರೆ ಹೊಳೆ ಬಗ್ಗಿತ್ತು! ಪೆನ್ ಡ್ರೈವಿಗೆ ಈ ಕೊಳವೆ ತೊಡಿಸಿತ್ತು. ಇಡೀ ಶಾಲೆಯಲ್ಲಿ ಬ್ರಷ್ ಇಟ್ಟುಕೊಂಡಿದ್ದವರು ಒಬ್ಬರೇ. ಮೈ ಉರಿದುಹೋಯಿತು. ಮೊದಲು ಹೊಳೆಯನ್ನು ನೆಟ್ಟಗೆ ಮಾಡಿದೆ. ಆಮೇಲೆ ಪಾಸ್‌ವರ್ಡ್ ಹಾಕಿದೆ. ಸಿಟ್ಟಿನಲ್ಲಿ ಬಂದ ಪದವನ್ನೇ ಹಾಕಿದೆ: ಕಳ್ಳ. ನೇರ ಹೆಡ್‌ಮಾಸ್ಟರ ಹತ್ತಿರ ಹೋಗಿ ದೂರು ಹೇಳಿದೆ.

ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳಿದರು. ಮೇಷ್ಟ್ರು ಎದ್ದು ನಿಂತರು.

“ಮುಟ್ಟಿದ್ದು ನಿಜ ಸಾ. ಒಳೆ ನೆಟ್ಟಗೆ ಓಗಿತ್ತು, ಒಸಿ ಬಗ್ಸಿದೆ. ಇನ್ಮ್ಯಾಕೆ ಮುಟ್ಟಕಿಲ್ಲ.”

ಅಷ್ಟೇ. ಆಮೇಲೆ ಅವರು ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಸಿಕ್ಕಿಬಿದ್ದರಲ್ಲ, ಅದಕ್ಕೇ ಎಂದುಕೊಂಡೆ.

ಹಾಸನದಲ್ಲಿ ತೀರ್ಪುಗಾರರೊಬ್ಬರು ನನ್ನ ಸ್ಲೈಡ್ ನೋಡಿ, “ಇದು ಹೊಳೆಯಾ ಮೇಡಂ, ನಾಲೆಯಾ?” ಎಂದು ನಕ್ಕರು. ಬರಿಗೈಯಲ್ಲಿ ಬಸ್ ಹತ್ತಿದೆ. ಮೇಷ್ಟ್ರೇ ಮೊದಲು ಫೋನ್ ಮಾಡಿ ಅವರ ಕಿವಿ ಕಚ್ಚಿರಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೇಷ್ಟ್ರ ಬೀಳ್ಕೊಡುಗೆಯ ದಿನ ಬೇಕೆಂದೇ ರಜೆ ಹಾಕಿದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಆಗಲೂ ಹೋಗಲಿಲ್ಲ...

ಮೊನ್ನೆ ಆ ಫೈಲ್ ತೆರೆದೆ. ಪಾಸ್‌ವರ್ಡ್ ಬೆರಳಿಗೆ ಇನ್ನೂ ನೆನಪಿತ್ತು. ಬಣ್ಣ ಬದಲಿಸೋಣವೆಂದು ಜಲಾಶಯದ ನೀಲಿಯನ್ನು ಹಿಡಿದಾಗ ಅದು ಪಕ್ಕಕ್ಕೆ ಜರುಗಿತು. ಅದರ ಹಿಂದೆ ಏನೇನೋ ಆಕಾರಗಳು! ಸಾಲಾಗಿ ಮೊಟ್ಟೆಗಳು, ಆಮೇಲೆ ದುಂಡಗಾದ ವೃತ್ತಗಳು. ಅವುಗಳ ಕೆಳಗೆ, ಗೆರೆ ಬಗ್ಗಿಸಿ ಬಗ್ಗಿಸಿಯೇ ಮಾಡಿದ ಚೆಂದದ ಅಕ್ಷರಗಳು:

‘ಮೇಡಮ್ಮೋರಿಗೆ ಜಯವಾ’

ಅಲ್ಲಿಗೆ ನಿಂತಿತ್ತು. ಮಾರನೆಯ ದಿನ ಮುಗಿಸೋಣವೆಂದು ನೀಲಿಯ ಹಿಂದೆ ಅಡಗಿಸಿಟ್ಟಿದ್ದರೋ ಏನೋ. ಅಷ್ಟರಲ್ಲಿ ನಾನು ಪಾಸ್‌ವರ್ಡ್ ಹಾಕಿಬಿಟ್ಟಿದ್ದೆ.

ಸುಮಾರು ಹೊತ್ತು ಅತ್ತೆ. ‘ಗಲಿ’ ಎಂದು ನಾನೇ ಸೇರಿಸಲು ನೋಡಿದೆ. ಎಷ್ಟು ಚುಕ್ಕೆ ಎಳೆದರೂ ಅವರ ಬಾಗು ಬರಲಿಲ್ಲ, ಅಳಿಸಿಹಾಕಿದೆ. ಫೈಲ್ ಮುಚ್ಚಿ, ಮನಸ್ಸು ತಡೆಯದೆ ಮತ್ತೆ ತೆರೆಯಹೋದರೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಅವರ ಹಾರೈಕೆ ನೋಡಲು ಅವರನ್ನು ಇನ್ನೊಮ್ಮೆ ಕಳ್ಳ ಎನ್ನಬೇಕಾಯಿತು.

ಪಾಸ್‌ವರ್ಡ್ ತೆಗೆದುಹಾಕಿದ್ದೇನೆ. ಉಳಿದ ಎರಡಕ್ಷರ ಬರೆಯಲು ಮೇಷ್ಟ್ರೇ ಇಲ್ಲ.